ದೇಶದ ಜೊತೆ ಜಗಳಕ್ಕಿಳಿದ ತತ್ವಶಾಸ್ತ್ರ

ಎಲ್ಲರಿಗೂ ನಮಸ್ಕಾರ.

1922ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ ಒಂದು ಚಿಕ್ಕ ಲೇಖನ ಬರೆದರು. ಅದು ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್‌ಗೆ ಕೊಟ್ಟ ಉತ್ತರ. ಇವತ್ತಿನ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ರಸೆಲ್ ಒಂದು ಕಟುವಾದ ಮಾತು ಹೇಳಿದ್ದರು. ಅಮೆರಿಕದಲ್ಲಿ ಸತ್ಯದ ಮೇಲಿನ ಪ್ರೀತಿಗೆ ವ್ಯಾಪಾರಬುದ್ಧಿ ಮಂಕು ಕವಿಸಿದೆ, ಆ ಬುದ್ಧಿ ತತ್ವಶಾಸ್ತ್ರದ ರೂಪದಲ್ಲಿ ಹೊರಬಂದಿದ್ದೇ ಪ್ರಾಗ್ಮಾಟಿಸಂ ಅಂತ. ಪ್ರಾಗ್ಮಾಟಿಸಂ ಅಂದರೆ, ಒಂದು ವಿಚಾರವನ್ನು ಬದುಕಿನಲ್ಲಿ ಅದು ಮಾಡುವ ವ್ಯತ್ಯಾಸದಿಂದ ಅಳೆಯುವ ಚಿಂತನೆ. ಅದನ್ನು ಎತ್ತಿಹಿಡಿದಿದ್ದ ಡ್ಯೂಯಿಗೆ ರಸೆಲ್ ಮಾತು ಸರಿ ಅನ್ನಿಸಲಿಲ್ಲ. ಹೀಗೆ ಲೆಕ್ಕ ಹಾಕುತ್ತಾ ಹೋದರೆ ಇಂಗ್ಲಿಷರ ವಾಸ್ತವವಾದ ಅವರ ಸಿರಿವಂತ ಮನೆತನಗಳ ಜಂಬದಿಂದ ಹುಟ್ಟಿತು ಅನ್ನಬೇಕಾಗುತ್ತದೆ, ಫ್ರೆಂಚರ ದ್ವೈತ ಚಿಂತನೆ ಹೆಂಡತಿಯ ಜೊತೆ ಒಬ್ಬ ಪ್ರೇಯಸಿಯನ್ನೂ ಇಟ್ಟುಕೊಳ್ಳುವ ಚಾಳಿಯಿಂದ ಬಂತು ಅನ್ನಬೇಕಾಗುತ್ತದೆ ಎಂದರು. ಜರ್ಮನರ ಆದರ್ಶವಾದವೋ? ಬಿಯರು, ಸಾಸೇಜುಗಳನ್ನು ಬೀಥೋವನ್, ವಾಗ್ನರ್ ಸಂಗೀತದ ಎತ್ತರಕ್ಕೆ ಏರಿಸುವ ಜಾಣತನ!

ಡ್ಯೂಯಿ ಕೊಟ್ಟ ಪೆಟ್ಟು ಸರಿಯಾಗಿಯೇ ಬಿದ್ದಿದೆ. ಆದರೂ ರಸೆಲ್ ಎತ್ತಿದ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಒಂದು ದೇಶದ ತತ್ವಶಾಸ್ತ್ರಕ್ಕೂ ಆ ದೇಶದ ಜನ ಬದುಕುವ ರೀತಿಗೂ ನಂಟು ಇದ್ದೇ ಇರುತ್ತದೆ, ಅಲ್ವಾ? ಯಾವ ಥರದ ನಂಟು ಅನ್ನುವುದೇ ಪ್ರಶ್ನೆ.

ರಸೆಲ್‌ಗಿಂತ ಬಹಳ ಹಿಂದೆ ಇದನ್ನು ಯೋಚಿಸಿದವರು ಫ್ರಾನ್ಸಿನ ರಾಜಕೀಯ ಚಿಂತಕ ತೊಕ್ವಿಲ್. 1831ರಲ್ಲಿ ಅವರು ಅಮೆರಿಕವನ್ನು ಸುತ್ತಿ ನೋಡಿದರು. ನಾಗರಿಕ ಜಗತ್ತಿನಲ್ಲಿ ತತ್ವಶಾಸ್ತ್ರದ ಕಡೆ ಇಷ್ಟು ಕಡಿಮೆ ಗಮನ ಕೊಡುವ ದೇಶ ಇನ್ನೊಂದಿಲ್ಲ ಎಂದು 1840ರಲ್ಲಿ ಬರೆದರು. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ. ಫ್ರೆಂಚ್ ತತ್ವಜ್ಞಾನಿ ದೆಕಾರ್ತ್‌ನನ್ನು ಅಮೆರಿಕನ್ನರು ಓದುವುದು ತೀರಾ ಕಡಿಮೆ, ಆದರೆ ಅವನು ಹೇಳಿದಂತೆ ನಡೆಯುವುದರಲ್ಲಿ ಅವರೇ ಮುಂದು ಎಂದರು. ಗುರು, ಮಠ, ಮನೆತನ, ಸಂಪ್ರದಾಯ ಯಾವುದನ್ನೂ ಕೇಳದೆ ಪ್ರತಿಯೊಬ್ಬನೂ ತನ್ನ ಬುದ್ಧಿಯನ್ನೇ ನೆಚ್ಚಿಕೊಳ್ಳುವುದನ್ನು ಅವರು ಕಂಡಿದ್ದರು. ಅದರ ಅಪಾಯವೂ ಅವರಿಗೆ ಕಂಡಿತ್ತು. ಯಾರ ಮಾತನ್ನೂ ಕೇಳದ ಮನುಷ್ಯ ಕೊನೆಗೆ ಬಹುಮತದ ಮಾತಿಗೆ ತಲೆಬಾಗುತ್ತಾನೆ ಎಂದು ಅವರು ಹೆದರಿದ್ದರು.

ನನ್ನ ಓದಿನಲ್ಲಿ ನನಗೆ ಕಂಡದ್ದು ಇಷ್ಟು. ಅಮೆರಿಕದ ಒಳ್ಳೆಯ ತತ್ವಜ್ಞಾನಿಗಳು ಬಹುಮಟ್ಟಿಗೆ ತಮ್ಮ ದೇಶದ ಜೊತೆ ಜಗಳವಾಡಿದವರು. ದೇಶ ಯಾವ ಮಾತನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿತ್ತೋ ಅದನ್ನೇ ಕೈಗೆತ್ತಿಕೊಂಡು, ಇದರ ಅರ್ಥ ನಿಮಗೆ ನಿಜಕ್ಕೂ ಗೊತ್ತಾ ಎಂದು ಕೇಳಿದವರು. ಸ್ವಾವಲಂಬನೆ, ಯಶಸ್ಸು, ಅನುಭವ, ಪ್ರಜಾಪ್ರಭುತ್ವ, ಇವೇ ಆ ಮಾತುಗಳು.

ಈ ಜಗಳ ನಡೆದ ಜಾಗವನ್ನೂ ನೋಡಬೇಕು. ಅದು ಜಾಸ್ತಿ ನಡೆದದ್ದು ಜನರ ಮುಂದೆ, ಇಂಥದ್ದೇ ಸಭೆಗಳಲ್ಲಿ. 1826ರಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಚಿಕ್ಕ ಊರಿನಲ್ಲಿ ಲೈಸಿಯಂ ಎಂಬ ಸಂಘ ಶುರುವಾಯಿತು. ಊರವರು ಸೇರಿ ಹಣ ಹಾಕಿ, ಭಾಷಣಕಾರರನ್ನು ಕರೆಸಿ ಕೇಳುವ ವ್ಯವಸ್ಥೆ ಅದು. ಕೆಲವೇ ವರ್ಷಗಳಲ್ಲಿ ಊರೂರಿಗೂ ಹಬ್ಬಿತು. ತತ್ವಜ್ಞಾನಿ ಎಮರ್ಸನ್ ಪಾದ್ರಿಯ ಕೆಲಸ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ನೆಚ್ಚಿಕೊಂಡಿದ್ದು ಜಾಸ್ತಿ ಈ ವೇದಿಕೆಗಳನ್ನೇ. ಬದುಕಿನಲ್ಲಿ ಸುಮಾರು 1500 ಭಾಷಣ ಮಾಡಿದರು. ಕೇಳುವವರಲ್ಲಿ ರೈತರು, ಅಂಗಡಿಯವರು, ಶಾಲಾ ಶಿಕ್ಷಕಿಯರು ಇರುತ್ತಿದ್ದರು. ಅವರಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡಿದರೆ ಮುಂದಿನ ವರ್ಷ ಯಾರೂ ಕರೆಯುವುದಿಲ್ಲ.

1837ರ ಆಗಸ್ಟ್ 31ರಂದು ಹಾರ್ವರ್ಡ್‌ನ ವಿದ್ವಾಂಸರ ಸಂಘದ ಮುಂದೆ ಎಮರ್ಸನ್ ಮಾಡಿದ ಭಾಷಣವನ್ನು ಅಮೆರಿಕದ ಬೌದ್ಧಿಕ ಸ್ವಾತಂತ್ರ್ಯ ಘೋಷಣೆ ಎಂದು ಕರೆಯುತ್ತಾರೆ. ಯುರೋಪಿನ ಆಸ್ಥಾನಗಳ ಹಾಡನ್ನು ನಾವು ಕೇಳಿದ್ದು ಸಾಕು ಎಂಬ ಸಾಲು ಶಾಲಾ ಮಕ್ಕಳಿಗೂ ಗೊತ್ತು. ಆದರೆ ಅದೇ ಭಾಷಣದ ಉಳಿದ ಸಾಲುಗಳನ್ನು ಓದಿ ನೋಡಿ. ಸರ್ಕಾರದ ದುರಾಸೆ, ಜನರ ದುರಾಸೆ ಎರಡೂ ಸೇರಿ ನಾವು ಉಸಿರಾಡುವ ಗಾಳಿಯೇ ದಪ್ಪಗಾಗಿದೆ, ಜಿಡ್ಡುಗಟ್ಟಿದೆ ಎನ್ನುತ್ತಾರೆ. ಕೀಳು ಗುರಿಗಳನ್ನೇ ಇಟ್ಟುಕೊಳ್ಳಲು ಕಲಿತ ಈ ದೇಶದ ಮನಸ್ಸು ತನ್ನನ್ನು ತಾನೇ ತಿನ್ನುತ್ತಿದೆ ಎನ್ನುತ್ತಾರೆ. ಆ ವರ್ಷವೇ ಅಮೆರಿಕದಲ್ಲಿ ಬ್ಯಾಂಕುಗಳು ಮುಗ್ಗರಿಸಿ ದೊಡ್ಡ ಆರ್ಥಿಕ ಕುಸಿತ ಆಗಿತ್ತು. ಕೂತಿದ್ದವರಿಗೆ ಆ ಬಿಸಿ ತಟ್ಟದೇ ಇರಲು ಸಾಧ್ಯವೇ ಇರಲಿಲ್ಲ. ಯುರೋಪಿಗೆ ಹೇಳಿದ ಮಾತನ್ನು ದೇಶ ನೆನಪಿಟ್ಟುಕೊಂಡಿತು, ತನಗೆ ಹೇಳಿದ್ದನ್ನು ಮರೆತುಬಿಟ್ಟಿತು.

1841ರಲ್ಲಿ ಬಂದ ಅವರ ಸ್ವಾವಲಂಬನೆಯ ಪ್ರಬಂಧಕ್ಕೂ ಇದೇ ಗತಿ. ನಿನ್ನನ್ನು ನೀನು ನಂಬು ಎಂಬ ಮಾತನ್ನು ವ್ಯಾಪಾರಿಗಳು, ಆಮೇಲೆ ಬಂದ ವ್ಯಕ್ತಿತ್ವ ವಿಕಸನದ ಭಾಷಣಕಾರರು ಎತ್ತಿಕೊಂಡು ಹೋದರು. ಎಮರ್ಸನ್ ಆ ಮಾತು ಹೇಳಿದ್ದು ಗುಂಪಿನ ಒತ್ತಡಕ್ಕೆ ಎದುರಾಗಿ ನಿಲ್ಲಬೇಕಾದವರಿಗೆ. 1838ರಲ್ಲಿ ಚೆರೋಕಿ ಎಂಬ ಮೂಲನಿವಾಸಿ ಜನರನ್ನು ಅವರ ನೆಲದಿಂದ ಓಡಿಸಲು ಸರ್ಕಾರ ಹೊರಟಾಗ ಅವರು ಅಧ್ಯಕ್ಷರಿಗೇ ಖಂಡನೆಯ ಪತ್ರ ಬರೆದರು. 1850ರಲ್ಲಿ ತಪ್ಪಿಸಿಕೊಂಡ ಗುಲಾಮರನ್ನು ಹಿಡಿದುಕೊಡಬೇಕೆಂಬ ಕಾನೂನು ಬಂದಾಗ, ದೇವರಾಣೆಗೂ ನಾನು ಇದನ್ನು ಪಾಲಿಸುವುದಿಲ್ಲ ಎಂದು ತಮ್ಮ ದಿನಚರಿಯಲ್ಲಿ ಬರೆದುಕೊಂಡರು. ಅವರ ಕಿರಿಯ ಗೆಳೆಯ ಥೋರೋ ಒಂದು ಹೆಜ್ಜೆ ಮುಂದೆ ಹೋಗಿ, ಗುಲಾಮಗಿರಿ ನಡೆಸುವ ಸರ್ಕಾರಕ್ಕೆ ತೆರಿಗೆ ಕಟ್ಟುವುದಿಲ್ಲ ಎಂದು 1846ರಲ್ಲಿ ಒಂದು ರಾತ್ರಿ ಜೈಲಿನಲ್ಲಿ ಕಳೆದರು. ಆ ಬಗ್ಗೆ ಅವರು ಮಾತಾಡಿದ್ದೂ ತಮ್ಮ ಊರಿನ ಲೈಸಿಯಂನಲ್ಲೇ. ಆ ಭಾಷಣ ಗಾಂಧೀಜಿಯವರೆಗೆ ಬಂದ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಆಮೇಲೆ ಗುಲಾಮಗಿರಿಯ ವಿಚಾರಕ್ಕೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಬಂತು. 1861ರಿಂದ 1865ರವರೆಗೆ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಪ್ರಾರ್ಥಿಸುವುದು ಒಬ್ಬನೇ ದೇವರನ್ನು ಎಂದು ಲಿಂಕನ್ 1865ರ ಭಾಷಣದಲ್ಲಿ ನೋವಿನಿಂದ ಹೇಳಿದರು. ಎರಡೂ ಕಡೆಯವರಿಗೆ ತಾವೇ ಸರಿ ಎಂಬ ಅಚಲ ನಂಬಿಕೆ ಇತ್ತು. ಈ ಯುದ್ಧವನ್ನು ಮರೆತು ಪ್ರಾಗ್ಮಾಟಿಸಂ ಅನ್ನು ಓದಿದರೆ ಅದು ಬರೀ ವ್ಯವಹಾರ ಚತುರತೆಯ ಥರ ಕಾಣುತ್ತದೆ.

1872ರಲ್ಲಿ ಹಾರ್ವರ್ಡ್ ಇರುವ ಕೇಂಬ್ರಿಡ್ಜ್‌ನಲ್ಲಿ ಕೆಲವು ತರುಣರು ಸೇರಿ ಚರ್ಚೆ ಮಾಡುತ್ತಿದ್ದರು. ತಮ್ಮ ಗುಂಪಿಗೆ ಮೆಟಾಫಿಸಿಕಲ್ ಕ್ಲಬ್ ಎಂದು ಹೆಸರಿಟ್ಟುಕೊಂಡಿದ್ದರು. ಪ್ರಾಗ್ಮಾಟಿಸಂ ಮೊಳೆತದ್ದು ಅಲ್ಲೇ. ಅದರಲ್ಲಿ ಚಾರ್ಲ್ಸ್ ಪರ್ಸ್ ಇದ್ದರು, ವಿಲಿಯಂ ಜೇಮ್ಸ್ ಇದ್ದರು, ಯುದ್ಧದಲ್ಲಿ ಮೂರು ಸಲ ಗಾಯಗೊಂಡು ಬದುಕಿ ಬಂದ ಆಲಿವರ್ ವೆಂಡೆಲ್ ಹೋಮ್ಸ್ ಇದ್ದರು. ಜನರಿಗೆ ನಂಬಿಕೆ ಹೇಗೆ ಗಟ್ಟಿಯಾಗುತ್ತದೆ ಎಂಬ ಬಗ್ಗೆ ಪರ್ಸ್ 1877ರಲ್ಲಿ ಬರೆದರು. ಕೆಲವರು ಹಟದಿಂದ ನಂಬುತ್ತಾರೆ. ಕೆಲವರು ಅಧಿಕಾರಕ್ಕೆ ಹೆದರಿ ನಂಬುತ್ತಾರೆ. ಕೆಲವರು ತಮ್ಮ ಬುದ್ಧಿಗೆ ಒಪ್ಪುವಂತೆ ಕಂಡದ್ದನ್ನು ನಂಬುತ್ತಾರೆ. ನಾವು ಏನೇ ಅಂದುಕೊಂಡರೂ ಬದಲಾಗದ ಹೊರಗಿನ ವಾಸ್ತವಕ್ಕೆ ತಾಳೆ ಹಾಕಿ ನೋಡುವುದೊಂದೇ ಬಾಳಿಕೆ ಬರುವ ದಾರಿ, ಅದನ್ನು ಹಲವರು ಸೇರಿ ಮಾಡಬೇಕು ಎಂದು ಪರ್ಸ್ ವಾದಿಸಿದರು. ತಪ್ಪಬಹುದು ಎಂಬ ಎಚ್ಚರ ಅದರ ಒಳಗೇ ಇದೆ. ಹಟಕ್ಕಾಗಿ ಲಕ್ಷಗಟ್ಟಲೆ ಮಕ್ಕಳನ್ನು ಕಳೆದುಕೊಂಡ ದೇಶದಲ್ಲಿ ಇದು ಸಣ್ಣ ಮಾತಲ್ಲ. ಇಷ್ಟು ದೊಡ್ಡ ಬುದ್ಧಿಯ ಮನುಷ್ಯನಿಗೆ ಯಾವ ವಿಶ್ವವಿದ್ಯಾಲಯವೂ ಕಾಯಂ ಕೆಲಸ ಕೊಡಲಿಲ್ಲ. 1914ರಲ್ಲಿ ಬಡತನದಲ್ಲೇ ತೀರಿಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಪರ್ಸ್ ವಿಚಾರವನ್ನು ಜನರ ಮುಂದಿಟ್ಟವರು ವಿಲಿಯಂ ಜೇಮ್ಸ್. 1906ರ ಕೊನೆಯಲ್ಲಿ ಬಾಸ್ಟನ್‌ನಲ್ಲಿ ಅವರು ಸಾರ್ವಜನಿಕ ಉಪನ್ಯಾಸಗಳನ್ನು ಕೊಟ್ಟರು. ಎರಡನೇ ಉಪನ್ಯಾಸ ಶುರುವಾಗುವುದೇ ಒಂದು ಅಳಿಲಿನಿಂದ. ಒಂದಷ್ಟು ಸ್ನೇಹಿತರು ಬೆಟ್ಟದಲ್ಲಿ ಬಿಡಾರ ಹೂಡಿದ್ದಾರೆ. ಜೇಮ್ಸ್ ಒಬ್ಬರೇ ತಿರುಗಾಡಿಕೊಂಡು ಬರುವಷ್ಟರಲ್ಲಿ ಅಲ್ಲಿ ಜೋರು ವಾದ ನಡೆಯುತ್ತಿದೆ. ಮರದ ಒಂದು ಕಡೆ ಅಳಿಲು ಅಂಟಿಕೊಂಡಿದೆ, ಇನ್ನೊಂದು ಕಡೆ ಮನುಷ್ಯ ನಿಂತಿದ್ದಾನೆ. ಅಳಿಲನ್ನು ನೋಡಲು ಅವನು ಮರ ಸುತ್ತುತ್ತಾನೆ. ಅಳಿಲೂ ಅಷ್ಟೇ ವೇಗದಲ್ಲಿ ಆಚೆ ಸರಿಯುತ್ತದೆ, ಮರವನ್ನು ಸದಾ ನಡುವೆ ಇಟ್ಟುಕೊಂಡಿರುತ್ತದೆ. ಅವನಿಗೆ ಅದು ಕಾಣುವುದೇ ಇಲ್ಲ. ಈಗ ಹೇಳಿ, ಅವನು ಅಳಿಲನ್ನು ಸುತ್ತು ಹಾಕಿದನೋ ಇಲ್ಲವೋ? ಗುಂಪು ಸರಿಯಾಗಿ ಎರಡು ಪಾಲಾಗಿದೆ. ಜೇಮ್ಸ್ ಹೇಳಿದರು: ಸುತ್ತುವುದು ಅಂದರೆ ಅಳಿಲಿನ ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಬರುವುದಾದರೆ, ಸುತ್ತಿದ. ಅಳಿಲಿನ ಎದುರಿಗೆ, ಬಲಕ್ಕೆ, ಬೆನ್ನಿಗೆ, ಎಡಕ್ಕೆ ಬರುವುದಾದರೆ, ಸುತ್ತಲಿಲ್ಲ. ಯಾವುದನ್ನು ಹೇಳುತ್ತಿದ್ದೀರಿ ಎಂದು ತೀರ್ಮಾನ ಮಾಡಿಕೊಂಡರೆ ಜಗಳಕ್ಕೆ ಏನೂ ಉಳಿಯುವುದಿಲ್ಲ. ಒಂದು ವಿಚಾರ ನಿಜವಾದರೆ ಬದುಕಿನಲ್ಲಿ ಏನು ವ್ಯತ್ಯಾಸ ಆಗುತ್ತದೆ? ಈ ಪ್ರಶ್ನೆಯನ್ನು ಅವರು ದೇವರು, ಸಂಕಲ್ಪ ಸ್ವಾತಂತ್ರ್ಯ, ಸತ್ಯ ಎಲ್ಲದಕ್ಕೂ ಕೇಳಿದರು.

ಹಾಗೆ ಕೇಳುವಾಗ, ಒಂದು ವಿಚಾರದ ನಗದು ಬೆಲೆ ಎಷ್ಟು ಎಂಬ ಮಾತು ಬಳಸಿದರು. ಎದುರಿಗಿದ್ದ ಜನರ ಬಾಯಲ್ಲಿದ್ದ ಭಾಷೆ ಅದು. ಅಲ್ಲಿಂದ ಶುರುವಾಯಿತು ತೊಂದರೆ. ನೋಡಿ, ಈ ಮನುಷ್ಯ ಸತ್ಯವನ್ನೂ ದುಡ್ಡಿನಲ್ಲಿ ಅಳೆಯುತ್ತಾನೆ ಎಂದು ಯುರೋಪಿನವರು ಹಿಡಿದುಕೊಂಡರು. ಅದೇ 1906ರಲ್ಲಿ ಜೇಮ್ಸ್ ಲೇಖಕ ಎಚ್. ಜಿ. ವೆಲ್ಸ್‌ಗೆ ಬರೆದ ಪತ್ರವನ್ನು ನೋಡಬೇಕು. ಯಶಸ್ಸು ಎಂಬ ಹಾಳು ದೇವತೆಯೊಬ್ಬಳನ್ನೇ ಪೂಜಿಸಿ ನಮ್ಮ ನೈತಿಕತೆ ಸಡಿಲವಾಗಿದೆ, ಯಶಸ್ಸು ಅಂದರೆ ಬರೀ ದುಡ್ಡು ಎಂಬ ಕೊಳಕು ಅರ್ಥ ಹಚ್ಚಿದ್ದೇವೆ, ಇದು ನಮ್ಮ ರಾಷ್ಟ್ರೀಯ ರೋಗ ಎಂದು ಅದರಲ್ಲಿ ಬರೆದಿದ್ದಾರೆ. ಅವರು ಬಳಸಿದ ಬೈಗುಳ ಇನ್ನೂ ಖಾರವಾಗಿದೆ. ಅಮೆರಿಕ ಫಿಲಿಪೀನ್ಸ್ ಅನ್ನು ವಶಪಡಿಸಿಕೊಂಡಾಗಲೂ ಜೇಮ್ಸ್ ಸುಮ್ಮನಿರಲಿಲ್ಲ. ಪತ್ರಿಕೆಗಳಿಗೆ ಸಿಟ್ಟಿನಿಂದ ಬರೆದರು, ಸಾಮ್ರಾಜ್ಯಶಾಹಿ ವಿರೋಧಿ ಸಂಘದ ಜೊತೆ ನಿಂತರು. ಇವರನ್ನು ವ್ಯಾಪಾರಬುದ್ಧಿಯ ವಕೀಲ ಅಂದರೆ ಅನ್ಯಾಯವಾಗುತ್ತದೆ.

ಹಾಗಂತ ಈ ಪರಂಪರೆಯಲ್ಲಿ ಕಳಂಕವೇ ಇಲ್ಲ ಅಂತಲ್ಲ. ಹೋಮ್ಸ್ ಅವರನ್ನೇ ತೆಗೆದುಕೊಳ್ಳಿ. ಕಾನೂನಿನ ಜೀವ ತರ್ಕದಲ್ಲಿಲ್ಲ, ಅನುಭವದಲ್ಲಿದೆ ಎಂದು 1881ರಲ್ಲಿ ಬರೆದವರು ಅವರು. ಆಮೇಲೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1919ರಲ್ಲಿ ಯುದ್ಧ ವಿರೋಧಿ ಕರಪತ್ರ ಹಂಚಿದವರ ಪರವಾಗಿ ಭಿನ್ನಮತದ ತೀರ್ಪು ಬರೆದು, ನಮ್ಮ ಸಂವಿಧಾನವೇ ಒಂದು ಪ್ರಯೋಗ, ಬದುಕೆಲ್ಲ ಪ್ರಯೋಗವಾಗಿರುವ ಹಾಗೆ ಎಂದರು. ಎಷ್ಟು ಚೆನ್ನಾಗಿದೆ! ಇದೇ ಹೋಮ್ಸ್ 1927ರಲ್ಲಿ, ವರ್ಜೀನಿಯಾದ ಕ್ಯಾರಿ ಬಕ್ ಎಂಬ ಬಡ ಹುಡುಗಿಗೆ ಅವಳ ಇಷ್ಟಕ್ಕೆ ವಿರುದ್ಧವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಸರಿ ಎಂದು ತೀರ್ಪು ಬರೆದರು. ಮೂರು ತಲೆಮಾರಿನ ಬುದ್ಧಿಮಾಂದ್ಯರು ಸಾಕು ಎಂಬ ಸಾಲು ಅದರಲ್ಲಿದೆ. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಒಬ್ಬರು ಮಾತ್ರ ಒಪ್ಪಲಿಲ್ಲ. ಆಗ ಅಮೆರಿಕದ ಓದಿದ ಜನರಲ್ಲಿ ವಂಶಶುದ್ಧಿಯ ಹುಚ್ಚು ಹಬ್ಬಿತ್ತು. ಯಾರ ಅನುಭವ ಎಂದು ಕೇಳದೆ, ಕಾಲದ ಅನುಭವ ಎಂದರೆ ಇದೇ ಎಂದು ಒಪ್ಪಿಕೊಂಡರೆ ಎಲ್ಲಿಗೆ ತಲುಪುತ್ತೇವೆ ಎಂಬುದಕ್ಕೆ ಆ ತೀರ್ಪು ಸಾಕ್ಷಿ. ದೇಶದ ಜೊತೆ ಜಗಳ ನಿಲ್ಲಿಸಿದ ದಿನ ಈ ತತ್ವಶಾಸ್ತ್ರ ಕ್ರೂರವಾಯಿತು.

1911ರಲ್ಲಿ ಬರ್ಕ್‌ಲಿಯಲ್ಲಿ ಸಾಂತಾಯಾನ ಒಂದು ಉಪನ್ಯಾಸ ಕೊಟ್ಟರು. ಸ್ಪೇನಿನಲ್ಲಿ ಹುಟ್ಟಿ ಹಾರ್ವರ್ಡ್‌ನಲ್ಲಿ ಪಾಠ ಮಾಡಿದವರು. ಮುಂದಿನ ವರ್ಷವೇ ಅಮೆರಿಕವನ್ನು ಶಾಶ್ವತವಾಗಿ ಬಿಟ್ಟು ಹೋದರು. ಅಮೆರಿಕದ ಛಲ ಗಗನಚುಂಬಿ ಕಟ್ಟಡದಲ್ಲಿ ವಾಸ ಮಾಡುತ್ತದೆ, ಅದರ ಬುದ್ಧಿ ಮಾತ್ರ ಇನ್ನೂ ಹಳೇ ವಸಾಹತು ಕಾಲದ ಬಂಗಲೆಯಲ್ಲಿದೆ ಎಂದರು. ಮೊದಲನೆಯದು ಗಂಡಸರ ಜಾಗ, ಎರಡನೆಯದು ಬಹುಪಾಲು ಹೆಂಗಸರ ಜಾಗ ಎಂದೂ ಸೇರಿಸಿದರು. ಬಹಳ ಚುರುಕಾದ ಮಾತು. ಆದರೆ ಅವರ ಕಣ್ಣಿಗೆ ಶಿಕಾಗೋದ ಒಂದು ಹಳೇ ಬಂಗಲೆ ಬೀಳಲಿಲ್ಲ.

1889ರಲ್ಲಿ ಜೇನ್ ಆಡಮ್ಸ್ ಎಂಬ ಹೆಣ್ಣುಮಗಳು ಗೆಳತಿಯೊಬ್ಬರ ಜೊತೆ ಸೇರಿ ಆ ಬಂಗಲೆಯಲ್ಲಿ ಹಲ್ ಹೌಸ್ ಶುರು ಮಾಡಿದರು. ಬಡವರ ನಡುವೆಯೇ ಇದ್ದು ಅವರ ಜೊತೆ ಕೆಲಸ ಮಾಡುವ ಸೇವಾಕೇಂದ್ರ ಅದು. ಸುತ್ತ ಇಟಲಿ, ರಷ್ಯಾ, ಗ್ರೀಸ್, ಜರ್ಮನಿ, ಐರ್ಲೆಂಡ್‌ನಿಂದ ಬಂದ ಬಡ ಕೂಲಿಗಳ ವಠಾರಗಳು. ಬೀದಿಯಲ್ಲಿ ಕಸ ಕೊಳೆಯುತ್ತಿತ್ತು, ಮಕ್ಕಳು ಸಾಯುತ್ತಿದ್ದವು. ಆಡಮ್ಸ್ ಕಸ ಎತ್ತುವ ಗುತ್ತಿಗೆಗೆ ತಾವೇ ಟೆಂಡರ್ ಹಾಕಿದರು. ಅದು ತಾಂತ್ರಿಕ ಕಾರಣಕ್ಕೆ ಬಿದ್ದುಹೋಯಿತು. ಆದರೆ 1895ರಲ್ಲಿ ಆಡಮ್ಸ್ ಅವರನ್ನೇ ಮೇಯರ್ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು. ಬೆಳಗ್ಗೆ ಆರಕ್ಕೆಲ್ಲ ಎದ್ದು, ಕಸದ ಗಾಡಿಗಳು ಹೊರಟಿವೆಯೋ ಇಲ್ಲವೋ ನೋಡಿ, ಅವುಗಳ ಹಿಂದೆ ಡಿಪೋದವರೆಗೂ ಹೋಗುತ್ತಿದ್ದರು. ಒಂದು ಇಕ್ಕಟ್ಟಿನ ಬೀದಿಯಲ್ಲಿ ಕಸ ಕೆರೆಸಿದಾಗ 18 ಅಂಗುಲ ಕೆಳಗೆ ಕಲ್ಲುಹಾಸಿನ ರಸ್ತೆ ಸಿಕ್ಕಿತು. ಅಲ್ಲೊಂದು ರಸ್ತೆ ಇದೆ ಎಂಬುದೇ ಜನರಿಗೆ ಗೊತ್ತಿರಲಿಲ್ಲ. ಹೆಂಗಸು ಮಾಡುವ ಕೆಲಸವೇ ಇದು ಎಂದು ಅಕ್ಕಪಕ್ಕದ ಹೆಂಗಸರಿಗೆ ಗಾಬರಿ. ಕಾಯಿಲೆಯವರ ಆರೈಕೆ ಹೆಂಗಸಿನ ಕೆಲಸವಾದರೆ ಕಾಯಿಲೆ ಬಾರದ ಹಾಗೆ ನೋಡಿಕೊಳ್ಳುವುದೂ ಹೆಂಗಸಿನ ಕೆಲಸವೇ ಎಂದು ಆಡಮ್ಸ್ ಅವರಿಗೆ ತಿಳಿಸಿ ಹೇಳಿದರು.

ಇದರಲ್ಲಿ ತತ್ವಶಾಸ್ತ್ರ ಎಲ್ಲಿದೆ ಎಂದು ನೀವು ಕೇಳಬಹುದು. ಡ್ಯೂಯಿ 1894ರಲ್ಲಿ ಶಿಕಾಗೋಗೆ ಬಂದರು, ಹಲ್ ಹೌಸ್‌ಗೆ ಮತ್ತೆ ಮತ್ತೆ ಹೋದರು, ಅದರ ಟ್ರಸ್ಟಿಯಾದರು, ತಮ್ಮ ಮಗಳಿಗೆ ಜೇನ್ ಎಂದು ಹೆಸರಿಟ್ಟರು. ಪ್ರಜಾಪ್ರಭುತ್ವ ಅಂದರೆ ಓಟು, ಶಾಸನಸಭೆ ಅಷ್ಟೇ ಅಲ್ಲ, ಜನ ಒಟ್ಟಿಗೆ ಬದುಕುವ ರೀತಿ ಅದು, ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪುವ ರೀತಿ ಎಂದು 1916ರ ತಮ್ಮ ಶಿಕ್ಷಣದ ಪುಸ್ತಕದಲ್ಲಿ ಬರೆದರು. ಆ ಮಾತನ್ನು ಅವರು ಪುಸ್ತಕಗಳಿಂದ ಮಾತ್ರ ಕಲಿತದ್ದಲ್ಲ, ಆ ವಠಾರಗಳ ನಡುವೆಯೂ ಕಲಿತರು ಎಂದು ನಾನು ಖಂಡಿತವಾಗಿ ನಂಬುತ್ತೇನೆ.

ಆದರೆ ಒಟ್ಟಿಗೆ ಬದುಕಲು ಬಿಡದೇ ಇರುವುದೇ ದೇಶದ ಸಂಸ್ಕೃತಿಯಾಗಿದ್ದರೆ? ಈ ಪ್ರಶ್ನೆಯನ್ನು ಎಲ್ಲರಿಗಿಂತ ತೀಕ್ಷ್ಣವಾಗಿ ಕೇಳಿದವರು ಡು ಬಾಯ್ಸ್. ಹಾರ್ವರ್ಡ್‌ನಲ್ಲಿ ಜೇಮ್ಸ್ ಅವರ ಅಚ್ಚುಮೆಚ್ಚಿನ ಶಿಷ್ಯ. 1895ರಲ್ಲಿ ಅಲ್ಲಿ ಪಿಎಚ್‌ಡಿ ಪಡೆದ ಮೊದಲ ಕಪ್ಪು ಮನುಷ್ಯ. ತತ್ವಶಾಸ್ತ್ರ ನೆಚ್ಚಿಕೊಂಡರೆ ಹೊಟ್ಟೆ ತುಂಬುವುದು ಕಷ್ಟ ಎಂದು ಜೇಮ್ಸ್ ಬುದ್ಧಿ ಹೇಳಿದ್ದರಿಂದ ಚರಿತ್ರೆ, ಸಮಾಜಶಾಸ್ತ್ರದ ಕಡೆ ತಿರುಗಿದರು. ಅಂಕಿ ಅಂಶ ಸರಿಯಾಗಿ ಮುಂದಿಟ್ಟರೆ ಬಿಳಿಯರು ಅರ್ಥ ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ ಅವರಿಗಿತ್ತು. 1899ರಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಯನ್ನು ಬಿಳಿಯರ ಗುಂಪೊಂದು ಸುಟ್ಟು ಕೊಂದಿತು. ಡು ಬಾಯ್ಸ್ ಆ ಬಗ್ಗೆ ತೂಕದಿಂದ ಒಂದು ಪತ್ರ ಬರೆದು, ಪತ್ರಿಕೆಯ ಕಚೇರಿಗೆ ಕೊಡಲು ಅಟ್ಲಾಂಟಾದ ಬೀದಿಯಲ್ಲಿ ನಡೆದು ಹೊರಟಿದ್ದರು. ಸತ್ತವನ ಬೆರಳ ಗಂಟುಗಳನ್ನು ಅದೇ ಬೀದಿಯ ಮುಂದಿನ ಕಿರಾಣಿ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದಾರೆ ಎಂದು ದಾರಿಯಲ್ಲಿ ಗೊತ್ತಾಯಿತು. ಅಲ್ಲಿಂದಲೇ ವಾಪಸ್ ತಿರುಗಿದರು. ಜನರನ್ನು ಹೀಗೆ ಕೊಲ್ಲುತ್ತಿರುವಾಗ ತಣ್ಣಗೆ ಕೂತು ವಿಜ್ಞಾನಿಯಾಗಿರಲು ಸಾಧ್ಯವಿಲ್ಲ ಎಂದು ಆಮೇಲೆ ಬರೆದರು.

1903ರ ಪುಸ್ತಕದಲ್ಲಿ ಅವರು ಇಬ್ಬಗೆಯ ಪ್ರಜ್ಞೆಯ ಬಗ್ಗೆ ಹೇಳುತ್ತಾರೆ. ತನ್ನನ್ನು ತಾನು ಸದಾ ಬೇರೆಯವರ ಕಣ್ಣಿನಿಂದ ನೋಡಿಕೊಳ್ಳಬೇಕಾದ ಸ್ಥಿತಿ ಅದು, ತಿರಸ್ಕಾರದಿಂದ ನೋಡುವವರ ಅಳತೆಗೋಲಿನಿಂದ ತನ್ನ ಆತ್ಮವನ್ನು ಅಳೆದುಕೊಳ್ಳಬೇಕಾದ ಸ್ಥಿತಿ. ಜಾತಿಯ ಅವಮಾನ ಉಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಮರ್ಸನ್ ಹೇಳಿದ್ದ ನಿನ್ನನ್ನು ನೀನು ನಂಬು ಎಂಬ ಮಾತಿಗೆ ಸಿಕ್ಕ ಅತ್ಯಂತ ಕಠಿಣ ಉತ್ತರ ಇದು ಅನ್ನಿಸುತ್ತದೆ ನನಗೆ. ನಂಬಲು ಬೇಕಾದ ನನ್ನನ್ನೇ ನೀವು ಎರಡು ತುಂಡು ಮಾಡಿದ್ದೀರಲ್ಲ, ಯಾವುದನ್ನು ನಂಬಲಿ?

ಎರಡನೇ ಮಹಾಯುದ್ಧದ ಆಸುಪಾಸಿನ ಕಥೆಯನ್ನು ಬೇಗ ಮುಗಿಸುತ್ತೇನೆ. ನಾತ್ಸಿಗಳು ಕವಿದ ಯುರೋಪಿನಿಂದ ಕಾರ್ನಾಪ್, ರೈಖೆನ್‌ಬಾಖ್ ಥರದ ತರ್ಕಪಂಡಿತರು ಅಮೆರಿಕಕ್ಕೆ ಬಂದರು. ತತ್ವಶಾಸ್ತ್ರ ವಿಶ್ವವಿದ್ಯಾಲಯದ ಒಳಗಿನ ವೃತ್ತಿಯಾಯಿತು, ಭಾಷೆ ಬಿಗಿಯಾಯಿತು, ಸಭೆಗಳು ಖಾಲಿಯಾದವು. ಕೆಲಸ ಚೆನ್ನಾಗಿಯೇ ನಡೆಯಿತು, ಆದರೆ ಊರಿನ ಜನ ಅದರಿಂದ ಹೊರಗುಳಿದರು. ಮುಂದೆ ಬಂದ ತತ್ವಜ್ಞಾನಿಗಳಲ್ಲಿ ಸ್ಟಾನ್ಲಿ ಕ್ಯಾವೆಲ್ ಮತ್ತೆ ಎಮರ್ಸನ್, ಥೋರೋ ಅವರನ್ನು ತತ್ವಜ್ಞಾನಿಗಳಾಗಿ ಓದಿದರು, ಹಾಲಿವುಡ್ಡಿನ ಹಳೇ ಹಾಸ್ಯ ಚಿತ್ರಗಳಲ್ಲೂ ಅದೇ ಪ್ರಶ್ನೆಗಳನ್ನು ಕಂಡರು. ರಿಚರ್ಡ್ ರೋರ್ಟಿ ಡ್ಯೂಯಿಯನ್ನು ಮತ್ತೆ ಮುನ್ನೆಲೆಗೆ ತಂದರು. ಆದರೂ ಹಳೇ ಲೈಸಿಯಂ ವೇದಿಕೆ ಮರಳಿ ಬರಲಿಲ್ಲ.

ಆದರೆ ಆ ಹೊತ್ತಿಗಾಗಲೇ ಡ್ಯೂಯಿಯ ವಿಚಾರ ಕಡಲು ದಾಟಿತ್ತು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಡ್ಯೂಯಿ ಪಾಠ ಕೇಳಿದರು. 1936ರಲ್ಲಿ ಲಾಹೋರಿನ ಜಾತಿ ವಿರೋಧಿ ಸಂಘವಾದ ಜಾತ್ ಪಾತ್ ತೋಡಕ್ ಮಂಡಲ ಅಧ್ಯಕ್ಷ ಭಾಷಣಕ್ಕೆ ಅವರನ್ನು ಕರೆಯಿತು. ಭಾಷಣದ ಕರಡು ನೋಡಿ ಹೆದರಿ, ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು ಅಂಬೇಡ್ಕರ್. ಸಭೆ ರದ್ದಾಯಿತು. ಅವರು ಅದನ್ನು ತಾವೇ ಅಚ್ಚು ಹಾಕಿಸಿದರು. 1500 ಪ್ರತಿ ಎರಡೇ ತಿಂಗಳಲ್ಲಿ ಮುಗಿದವು. ಜಾತಿ ವಿನಾಶದ ಆ ಭಾಷಣದಲ್ಲಿ, ಪ್ರಜಾಪ್ರಭುತ್ವ ಬರೀ ಸರ್ಕಾರದ ಒಂದು ರೂಪ ಅಲ್ಲ, ಒಟ್ಟಿಗೆ ಬದುಕುವ ರೀತಿ ಎಂಬ ಡ್ಯೂಯಿ ಮಾತು ಹೆಚ್ಚುಕಮ್ಮಿ ಹಾಗೇ ಬರುತ್ತದೆ. ಅದರ ಬೆನ್ನಿಗೇ ಅಂಬೇಡ್ಕರ್ ತಮ್ಮದೊಂದು ಸಾಲು ಸೇರಿಸುತ್ತಾರೆ. ಜೊತೆಯ ಮನುಷ್ಯರ ಮೇಲೆ ಗೌರವ, ಪೂಜ್ಯಭಾವ ಇರುವುದೇ ಅದರ ಸಾರ ಎಂದು. ಡ್ಯೂಯಿ ಒಟ್ಟಿಗೆ ಬದುಕುವುದರ ಬಗ್ಗೆ ಹೇಳಿದ್ದರು. ಮುಟ್ಟುವುದನ್ನೇ ನಿಷೇಧಿಸಿದ ಊರುಗಳಿಂದ ಬಂದ ಶಿಷ್ಯ, ಗೌರವವಿಲ್ಲದೆ ಅದು ಆಗುವುದಿಲ್ಲ ಎಂದು ತಿದ್ದಿದರು.

1952ರ ಜೂನ್‌ನಲ್ಲಿ ಗೌರವ ಪದವಿ ತೆಗೆದುಕೊಳ್ಳಲು ಅಂಬೇಡ್ಕರ್ ಮತ್ತೆ ಕೊಲಂಬಿಯಾಕ್ಕೆ ಹೋದಾಗ ಡ್ಯೂಯಿ ತೀರಿಕೊಂಡ ಸುದ್ದಿ ಸಿಕ್ಕಿತು. ನನ್ನ ಬೌದ್ಧಿಕ ಬದುಕಿಗೆಲ್ಲ ನಾನು ಅವರಿಗೆ ಋಣಿ ಎಂದು ಹೆಂಡತಿಗೆ ಬರೆದರು.

ಅದಕ್ಕೂ ಆರು ವರ್ಷ ಮೊದಲು ಇನ್ನೊಂದು ಪತ್ರ ಹೋಗಿತ್ತು. ಅಮೆರಿಕದ ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಮನವಿ ಸಲ್ಲಿಕೆಯಾದ ಸುದ್ದಿ ಓದಿದ ಅಂಬೇಡ್ಕರ್, 1946ರಲ್ಲಿ ಡು ಬಾಯ್ಸ್ ಅವರಿಗೆ ಬರೆದು ಅದರ ಪ್ರತಿ ಕೇಳಿದರು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಎಷ್ಟು ಹೋಲಿಕೆ ಇದೆ ಅಂದರೆ, ನಿಮ್ಮವರ ಬಗ್ಗೆ ಓದುವುದು ನನಗೆ ಸಹಜ ಮಾತ್ರವಲ್ಲ, ಅಗತ್ಯ ಎಂದು ಬರೆದರು. ನಿಮ್ಮ ಹೆಸರು ನನಗೆ ಗೊತ್ತು, ಭಾರತದ ಅಸ್ಪೃಶ್ಯರ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ ಎಂದು ಡು ಬಾಯ್ಸ್ ಜುಲೈ ಕೊನೆಯಲ್ಲಿ ಉತ್ತರಿಸಿದರು. ಒಬ್ಬರು ಜೇಮ್ಸ್ ಶಿಷ್ಯ, ಇನ್ನೊಬ್ಬರು ಡ್ಯೂಯಿ ಶಿಷ್ಯ. ಗುರುಗಳಿಂದ ಕಲಿತದ್ದನ್ನು ಇಬ್ಬರೂ ತಮ್ಮ ತಮ್ಮ ದೇಶದ ಮುಂದೆ ಪ್ರಶ್ನೆಯಾಗಿ ಇಟ್ಟವರು. ಆ ಎರಡೂ ಪತ್ರಗಳು ಉಳಿದಿವೆ, ಓದಲು ಸಿಗುತ್ತವೆ. ದಯವಿಟ್ಟು ಹುಡುಕಿ ಓದಿ.